ಅಪ್ಪಯ್ಯನ ನಡುಕ, ನಮ್ಮ ಲೆಕ್ಕದ ಪುಸ್ತಕ

“ಇನ್ನೆಷ್ಟು ವರ್ಷ ಹೀಗೆ ಓಡಾಡಿಕೊಂಡಿರ್ತಾರೆ ಡಾಕ್ಟ್ರೇ?”

2018ರ ಆಗಸ್ಟಿನಲ್ಲಿ ಮುಂಬಯಿಯ ದಾದರಿನ ಒಂದು ಕ್ಲಿನಿಕ್ಕಿನಲ್ಲಿ ಕೂತು ನಾನು ಕೇಳಿದ ಮೊದಲ ಪ್ರಶ್ನೆ ಇದು. ಅಪ್ಪಯ್ಯನಿಗೆ ಪಾರ್ಕಿನ್ಸನ್, ಅಂದರೆ ಕೈ ನಡುಗಿ ನಡಿಗೆ ನಿಧಾನವಾಗುವ ಮೆದುಳಿನ ಕಾಯಿಲೆ, ಅಂತ ಡಾಕ್ಟರ್ ಮೇಡಂ ಹೇಳಿ ಎರಡು ನಿಮಿಷ ಕೂಡ ಆಗಿರಲಿಲ್ಲ. ಅವರು ಪೆನ್ನು ಕೆಳಗಿಟ್ಟು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. “ಸಾವಿರಾರು ಜನರಿಗೆ ಏನಾಯ್ತು ಅಂತ ನಮಗೆ ಗೊತ್ತಿದೆ. ನಿಮ್ಮ ತಂದೆಗೆ ಏನಾಗುತ್ತೆ ಅನ್ನೋದು ಅವರನ್ನೇ ನೋಡ್ತಾ ನೋಡ್ತಾ ತಿಳೀಬೇಕು. ಆರು ತಿಂಗಳಿಗೊಮ್ಮೆ ಬನ್ನಿ. ಮನೆಯಲ್ಲಿ ಬರೆದಿಡಿ.”

ಪಕ್ಕದಲ್ಲಿದ್ದ ಅಪ್ಪಯ್ಯ “ಕಾಂಬ” ಅಂದರು. ನಮ್ಮ ಕುಂದಾಪುರದ ಮಾತಿನಲ್ಲಿ ‘ನೋಡೋಣ’ ಅಂತ. ಮುಂದಿನ ಏಳು ವರ್ಷ ಅವರು ಈ ಕಾಯಿಲೆಯ ಬಗ್ಗೆ ಆಡಿದ ಮಾತಲ್ಲಿ ಅರ್ಧ ಇದೇ.

ಅಲ್ಲಿಗೆ ಬರುವ ಮುಂಚೆ ಎಂಟು ತಿಂಗಳು ಬಲಗೈ ಭುಜಕ್ಕೆ ಚಿಕಿತ್ಸೆ ನಡೆದಿತ್ತು. ಭುಜ ಹಿಡಿದುಕೊಂಡಿದೆ ಅಂತ ಒಬ್ಬರು ಶಾಖ ಕೊಟ್ಟರು, ಇನ್ನೊಬ್ಬರು ಇಂಜೆಕ್ಷನ್ ಕೊಟ್ಟರು. ಪಾರ್ಕಿನ್ಸನ್ ಎಷ್ಟೋ ಜನರಲ್ಲಿ ಭುಜದ ನೋವಿನಿಂದಲೇ ಶುರುವಾಗುತ್ತದೆ ಅನ್ನುವುದು ನಮಗೆ ಆಗ ಗೊತ್ತಿರಲಿಲ್ಲ. ನಡೆಯುವಾಗ ಬಲಗೈ ಬೀಸುತ್ತಿಲ್ಲ ಅಂತ ಕಂಡುಹಿಡಿದದ್ದು ಅಮ್ಮ. ಡೊಂಬಿವಲಿ ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ ಅಪ್ಪಯ್ಯ ಮುಂದೆ ಹೋಗುತ್ತಿದ್ದರು, ನಾನೂ ಅಮ್ಮನೂ ಹಿಂದೆ. “ನಿನ್ನ ಅಪ್ಪಯ್ಯನ ಕೈ ಕಾಣು, ಜೋಬಿಗೆ ಹೊಲಿದ ಹಾಂಗಿತ್ತ್” ಅಂದಳು.

ಬರೆದಿಡುವುದು ನಮ್ಮ ಮನೆಗೆ ಹೊಸದಲ್ಲ. ಅಪ್ಪಯ್ಯ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ 34 ವರ್ಷ ಗಲ್ಲಾದ ಮೇಲೆ ಕೂತವರು. ಮನೆ ಖರ್ಚನ್ನೂ ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲಿ ದಿನಾ ಬರೆಯುತ್ತಿದ್ದರು. ಹಾಲು, ತರಕಾರಿ, ಊರಿಗೆ ಕಳಿಸಿದ ಮನಿಯಾರ್ಡರ್, ಎಲ್ಲ. ಆ ರಾತ್ರಿ ನಾನು ಹಳೆಯ ಪುಸ್ತಕಗಳನ್ನು ಮಾಳಿಗೆಯ ಕಪಾಟಿನಿಂದ ಇಳಿಸಿದೆ. ಪಾರ್ಕಿನ್ಸನ್ ಬಂದವರ ಅಕ್ಷರ ಚಿಕ್ಕದಾಗುತ್ತಾ ಹೋಗುತ್ತದೆ ಅಂತ ಮೇಡಂ ಹೇಳಿದ್ದರು. ನೋಡಬೇಕಿತ್ತು ನನಗೆ.

2010ರ ಪುಸ್ತಕದಲ್ಲಿ ಒಂದೊಂದು ಅಕ್ಷರವೂ ಸಾಲಿನ ಎತ್ತರ ತುಂಬಿ ಕೂರುತ್ತಿತ್ತು. ‘ಳ’ ಬರೆದರೆ ಅದರ ಬಾಲ ಕೆಳಗಿನ ಸಾಲಿಗೆ ತಾಗಬೇಕು. 2014ರಲ್ಲಿ ಸಾಲಿನ ಶುರುವಿಗೆ ಅಕ್ಷರ ಸರಿ ಇದೆ, ಕೊನೆಗೆ ಹೋಗುವಷ್ಟರಲ್ಲಿ ಸಾಸಿವೆ ಕಾಳಿನ ಹಾಗೆ. 2017ರಲ್ಲಿ ‘ತೆಂಗಿನಕಾಯಿ’ ಅನ್ನುವುದನ್ನು ನಾನು ಕನ್ನಡಕ ಹಾಕಿಕೊಂಡು ಓದಬೇಕಾಯಿತು. ಕಾಯಿಲೆಯ ಹೆಸರು ನಮ್ಮ ಕಿವಿಗೆ ಬಿದ್ದದ್ದು 2018ರಲ್ಲಿ. ಆದರೆ ಅದು ನಾಲ್ಕು ವರ್ಷದಿಂದ ಇದೇ ಪುಸ್ತಕದಲ್ಲಿ ದಿನಾ ಸಹಿ ಹಾಕುತ್ತಿತ್ತು. ಆ ಹೊತ್ತಿಗೆ ಅಡುಗೆಮನೆಯಲ್ಲಿ ಏನು ಬೇಯುತ್ತಿದೆ ಅಂತಲೂ ಅಪ್ಪಯ್ಯನಿಗೆ ಗೊತ್ತಾಗುತ್ತಿರಲಿಲ್ಲ. ಗಲ್ಲಾದಲ್ಲಿ ಕೂತೇ ಒಳಗಿನ ಸಾಂಬಾರಿಗೆ ಇಂಗು ಕಡಿಮೆ ಅಂತ ಹೇಳುತ್ತಿದ್ದ ಮನುಷ್ಯ ಅವರು. ರಾತ್ರಿ ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು ಅದಕ್ಕೂ ಮುಂಚೆ ಶುರುವಾಗಿತ್ತು. ಮಲಬದ್ಧತೆ ಇನ್ನೂ ಹಳೆಯದು. ಇವೆಲ್ಲ ನಡುಕಕ್ಕೆ ಎಷ್ಟೋ ವರ್ಷ ಮುಂಚೆಯೇ ಬರಬಹುದಾದ ಗುರುತುಗಳಂತೆ. ಮೈಯ ಚಲನೆಗೆ ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕವನ್ನು ಮೆದುಳಿನಲ್ಲಿ ತಯಾರಿಸುವ ಜೀವಕೋಶಗಳು ಅರ್ಧದಷ್ಟೋ ಅದಕ್ಕೂ ಜಾಸ್ತಿಯೋ ಹೋದ ಮೇಲೆಯೇ ಕೈ ನಡುಗುವುದು.

ಆ ರಾತ್ರಿ ನನಗೆ ತುಂಬಾ ಬೇಜಾರಾಯಿತು. ಕಣ್ಣೆದುರೇ ಇತ್ತು, ಯಾರೂ ನೋಡಲಿಲ್ಲ. ಬೆಳಿಗ್ಗೆ ಹೊಸ ಪುಸ್ತಕ ತಂದೆ. ಅದೇ ಕೆಂಪು ರಟ್ಟು, ಅದೇ ಉದ್ದ.

ಮೊದಮೊದಲು ನಾನು ಓದಿದ್ದೆಲ್ಲ ಹಂತಗಳ ಬಗ್ಗೆ. 1967ರಲ್ಲಿ ಹೋನ್ ಮತ್ತು ಯಾರ್ ಅನ್ನುವ ಇಬ್ಬರು ಡಾಕ್ಟರುಗಳು ಈ ಕಾಯಿಲೆಯನ್ನು ಐದು ಹಂತ ಮಾಡಿದರು. ಮೊದಲನೆಯದು ಮೈಯ ಒಂದೇ ಬದಿಗೆ. ಎರಡನೆಯದು ಎರಡೂ ಬದಿಗೆ, ಆದರೆ ಸಮತೋಲ ಸರಿ ಇರುತ್ತದೆ. ಮೂರರಲ್ಲಿ ಸಮತೋಲ ತಪ್ಪಲು ಶುರು. ನಾಲ್ಕರಲ್ಲಿ ತುಂಬಾ ಕಷ್ಟ, ಆದರೂ ಎದ್ದು ನಿಲ್ಲಬಹುದು. ಐದರಲ್ಲಿ ಗಾಲಿಕುರ್ಚಿ ಇಲ್ಲವೇ ಹಾಸಿಗೆ. ದಿನಾ ಲೋಕಲ್ಲಿನಲ್ಲಿ ಹೋಗುವ ನನಗೆ ಇದು ಸ್ಟೇಷನ್ನುಗಳ ಹಾಗೆ ಕಂಡಿತು. ಡೊಂಬಿವಲಿ ಬಿಟ್ಟರೆ ಕೋಪರ್, ಆಮೇಲೆ ದಿವಾ, ಮುಂಬ್ರಾ. ಒಂದಾದ ಮೇಲೆ ಒಂದು ಬರಲೇಬೇಕು, ಹೊತ್ತೊಂದು ಗೊತ್ತಾಗಬೇಕು ಅಷ್ಟೇ ಅಂದುಕೊಂಡೆ.

ಹಾಗಲ್ಲ ಅಂತ ಮೇಡಂ ಬಿಡಿಸಿ ಹೇಳಿದರು. ಕೆಲವರು ಎರಡನೇ ಹಂತದಲ್ಲೇ ಹತ್ತು ಹನ್ನೆರಡು ವರ್ಷ ಇರುತ್ತಾರೆ. ಕಾಯಿಲೆ ಜಾಸ್ತಿ ವಯಸ್ಸಾದ ಮೇಲೆ ಬಂದರೆ ಸಾಮಾನ್ಯವಾಗಿ ಬೇಗ ಮುಂದುವರಿಯುತ್ತದೆ. ನಡುಕವೇ ಮುಖ್ಯವಾಗಿರುವವರಲ್ಲಿ ನಿಧಾನ, ನಡಿಗೆಯ ತೊಂದರೆಯಿಂದ ಶುರುವಾದವರಲ್ಲಿ ಬೇಗ. ಮೊದಲ ವರ್ಷಗಳಲ್ಲೇ ಪದೇಪದೇ ಬೀಳುತ್ತಿದ್ದರೆ ಇದು ಪಾರ್ಕಿನ್ಸನ್ನೇನಾ, ಅದರ ಹಾಗೆ ಕಾಣುವ ಬೇರೆ ಕಾಯಿಲೆಯಾ ಅಂತ ಮತ್ತೆ ನೋಡಬೇಕಾಗುತ್ತದೆ. ಅಪ್ಪಯ್ಯನಿಗೆ ಆಗ 69. ವಯಸ್ಸು ಅವರ ಕಡೆ ಇರಲಿಲ್ಲ, ನಡುಕ ಅವರ ಕಡೆ ಇತ್ತು. ಕೈ ನಡುಗುವುದನ್ನು ನೋಡಿ ಎದೆ ಒಡೆದುಕೊಳ್ಳುತ್ತಿದ್ದ ನಮಗೆ, ಆ ನಡುಕವೇ ಸ್ವಲ್ಪ ಒಳ್ಳೆಯ ಸುದ್ದಿ ಅಂದರೆ ನಂಬಲು ದಿನ ಬೇಕಾಯಿತು.

ಕಾಯಿಲೆ ಎಷ್ಟು ಮುಂದುವರಿದಿದೆ ಅಂತ ಆರು ತಿಂಗಳಿಗೊಮ್ಮೆ ಅಂಕ ಹಾಕುವುದನ್ನು ಕುಟುಂಬದವರು ಹತ್ತಿರ ನಿಂತು ನೋಡಬೇಕು. ಅದಕ್ಕೆ ಯುಪಿಡಿಆರ್‌ಎಸ್ ಅನ್ನುತ್ತಾರೆ, ನಾಲ್ಕು ಭಾಗ. ಮೊದಲ ಎರಡು ಭಾಗ ಮನೆಯ ವಿಷಯ. ನಿದ್ದೆ, ಮನಸ್ಸು, ನೆನಪು, ಮಾತು, ಊಟ, ಬಟ್ಟೆ ಹಾಕಿಕೊಳ್ಳುವುದು. ಮೂರನೆಯದು ಡಾಕ್ಟರ್ ಕಣ್ಣೆದುರು ಮಾಡಿಸುವ ಪರೀಕ್ಷೆ. ನಾಲ್ಕನೆಯದು ಮಾತ್ರೆಯಿಂದ ಬರುವ ಏರಿಳಿತ. ಭಾಗದೊಳಗಿನ ಒಂದೊಂದು ಅಂಶಕ್ಕೂ ಸೊನ್ನೆಯಿಂದ ನಾಲ್ಕು. ಸೊನ್ನೆ ಅಂದರೆ ಸರಿ ಇದೆ.

ಹೆಬ್ಬೆರಳಿಗೆ ತೋರುಬೆರಳು ಹತ್ತು ಸಲ ತಾಗಿಸಿ, ಅಗಲವಾಗಿ, ಬೇಗ ಬೇಗ. ಕೇಳಲು ಇಷ್ಟೇ. ಅಪ್ಪಯ್ಯನ ಎಡಗೈ ಹತ್ತು ಸಲವೂ ಚೆನ್ನಾಗಿ ಬಾಯಿ ತೆರೆಯಿತು. ಬಲಗೈ ಮೊದಲ ಮೂರು ಸಲ ತೆರೆಯಿತು, ನಾಲ್ಕನೆಯದಕ್ಕೆ ಅರ್ಧ, ಏಳನೆಯದಕ್ಕೆ ಬೆರಳ ನಡುವೆ ಒಂದು ಬೀಡಿ ಹಿಡಿಸುವಷ್ಟೇ ಜಾಗ. ಎಂಟನೆಯದಕ್ಕೆ ನಿಂತೇಹೋಯಿತು. ನೋಟಿನ ಕಟ್ಟನ್ನು ಕಣ್ಣು ಮುಚ್ಚಿ ಎಣಿಸುತ್ತಿದ್ದ ಬೆರಳುಗಳು ಅವು. ಅಪ್ಪಯ್ಯ ಬೆರಳನ್ನೇ ನೋಡುತ್ತಿದ್ದರು, ಬೇರೆ ಯಾರದ್ದೋ ಕೈ ನೋಡುವ ಹಾಗೆ.

ಕೊನೆಗೆ ಹಿಂದಿನಿಂದ ಎಳೆಯುವ ಪರೀಕ್ಷೆ. ಡಾಕ್ಟರ್ ಹಿಂದೆ ನಿಂತು, ಮೊದಲೇ ಹೇಳಿ, ಎರಡೂ ಭುಜ ಹಿಡಿದು ಜಗ್ಗುತ್ತಾರೆ. ಒಂದೆರಡು ಹೆಜ್ಜೆಯಲ್ಲಿ ಸಾವರಿಸಿಕೊಂಡರೆ ಸೊನ್ನೆ. ಮೂರರಿಂದ ಐದು ಹೆಜ್ಜೆ ಹಿಂದೆ ಹೋಗಿ ನಿಂತರೆ ಒಂದು. ಹಿಡಿಯದಿದ್ದರೆ ಬೀಳುತ್ತಾರೆ ಅನ್ನುವ ಹಾಗಿದ್ದರೆ ಮೂರು. ಎರಡನೇ ಹಂತದಿಂದ ಮೂರಕ್ಕೆ ದಾಟಿದ್ದು ಗೊತ್ತಾಗುವುದು ಇಲ್ಲೇ. ಮೊದಲ ಸಲ ಅಪ್ಪಯ್ಯ ಒಂದೇ ಹೆಜ್ಜೆಗೆ ನಿಂತರು. ಮುಂಬಯಿ ಲೋಕಲ್ಲಿನ ಕಾಲು ಅಂತ ನಾನು ಹೆಮ್ಮೆಪಟ್ಟೆ.

ಮನೆಯ ಪುಸ್ತಕದಲ್ಲಿ ಕಾಲಂ ಹಾಕಿಕೊಟ್ಟದ್ದು ಅಪ್ಪಯ್ಯನೇ. ಎಡಗಡೆ ಮಾತ್ರೆಯ ಹೊತ್ತು. ನಡುವೆ, ಮಾತ್ರೆ ಹಿಡಿದದ್ದು, ಅಂದರೆ ಕೆಲಸ ಶುರು ಮಾಡಿದ್ದು, ಎಷ್ಟು ಹೊತ್ತಿಗೆ, ಆ ಹಿಡಿತ ಬಿಟ್ಟದ್ದು ಎಷ್ಟು ಹೊತ್ತಿಗೆ. ಬಲಗಡೆ ಅಮ್ಮನ ಕಾಲಂ. ಅಂಗಿಯ ಗುಂಡಿ ಹಾಕಲು ಎಷ್ಟು ನಿಮಿಷ, ರಾತ್ರಿ ಎಷ್ಟು ಸಲ ಎದ್ದರು, ಚಾ ಚೆಲ್ಲಿತಾ. ಮೆದುಳಿಗೆ ಹೋಗಿ ಡೋಪಮಿನ್ ಆಗುವ ಲಿವೋಡೋಪಾ-ಕಾರ್ಬಿಡೋಪಾ ಮಾತ್ರೆ ಶುರುವಿಗೆ ದಿನಕ್ಕೆ ಮೂರು. ಮೊದಲ ಎರಡು ವರ್ಷ ಒಂದು ಮಾತ್ರೆಯಿಂದ ಇನ್ನೊಂದರವರೆಗೆ ಇಳಿತವೇ ಕಾಣುತ್ತಿರಲಿಲ್ಲ. ಒಂದೇ ಗೋಳು ಮಧ್ಯಾಹ್ನದ ಮಾತ್ರೆಯದು. ಅದು ವಾರದಲ್ಲಿ ಮೂರ್ನಾಲ್ಕು ದಿನ ಕೆಲಸವೇ ಮಾಡುತ್ತಿರಲಿಲ್ಲ.

ಪುಸ್ತಕ ಇಲ್ಲದಿದ್ದರೆ ಅದು ಯಾವ ದಿನಗಳು ಅಂತ ಗೊತ್ತಾಗುತ್ತಿರಲಿಲ್ಲ. ಅಮ್ಮ ಬೆರಳಿಟ್ಟು ತೋರಿಸಿದಳು. ಬುಧವಾರ, ಶುಕ್ರವಾರ, ಭಾನುವಾರ. ಮೀನಿನ ದಿನಗಳು! ಲಿವೋಡೋಪಾ ಕರುಳಿನಿಂದ ರಕ್ತಕ್ಕೆ ಹೋಗುವ ದಾರಿಯಲ್ಲೇ ಊಟದ ಪ್ರೋಟೀನೂ ಹೋಗಬೇಕು, ಎರಡೂ ಒಟ್ಟಿಗೆ ಬಂದರೆ ಮಾತ್ರೆ ಹಿಂದೆ ಬೀಳುತ್ತದೆ. ಬಂಗುಡೆ ಸಾರು ಉಂಡು ಮೇಲೆ ಮಾತ್ರೆ ನುಂಗಿದರೆ ಮುಗಿಯಿತು. ಊಟಕ್ಕೆ ಮುಕ್ಕಾಲು ಗಂಟೆ ಮುಂಚೆ ಮಾತ್ರೆ ಕೊಡಲು ಶುರು ಮಾಡಿದೆವು. ಮೀನೂ ಉಳಿಯಿತು, ಮಧ್ಯಾಹ್ನವೂ ಉಳಿಯಿತು.

2020ರಲ್ಲಿ ಕೊರೊನಾ ಬಂದು ವಿಡಿಯೋದಲ್ಲೇ ನೋಡಬೇಕಾಯಿತು. ಕೈ ಹಿಡಿದು ಬಿಗಿತ ನೋಡುವುದೂ ಇಲ್ಲ, ಹಿಂದಿನಿಂದ ಎಳೆಯುವುದೂ ಇಲ್ಲ. ಆ ಎರಡು ಜಾಗ ಪುಸ್ತಕದಲ್ಲಿ ಖಾಲಿ ಇವೆ.

ನಮ್ಮನ್ನು ನಿಜವಾಗಿ ಅಲ್ಲಾಡಿಸಿದ್ದು 2022ರ ಮಳೆಗಾಲ. ಜೂನ್‌ನಲ್ಲಿ ಮಾತ್ರೆಯ ಹಿಡಿತ ನಾಲ್ಕು ಗಂಟೆ ಇರುತ್ತಿತ್ತು, ಆಗಸ್ಟಿನಲ್ಲಿ ಎರಡೂ ಇಲ್ಲ. ಕಾಲು ಎಳೆಯತೊಡಗಿದರು. ಬಾಯಿಯಿಂದ ಜೊಲ್ಲು. ಮುಖದಲ್ಲಿ ಅಳುವೂ ಇಲ್ಲ, ನಗುವೂ ಇಲ್ಲ. ಗುಂಡಿ ಹಾಕಲು ಏಳು ನಿಮಿಷ ಇದ್ದದ್ದು ಇಪ್ಪತ್ತಾಯಿತು. ನಾಲ್ಕನೇ ವರ್ಷಕ್ಕೇ ನಾಲ್ಕನೇ ಹಂತ ಬಂತು ಅಂತ ನಾನು ಒಳಗೊಳಗೇ ತೀರ್ಮಾನ ಮಾಡಿಬಿಟ್ಟೆ. ಅಕ್ಕನಿಗೆ ಫೋನ್ ಮಾಡಿ ಅತ್ತೆ.

ಮೇಡಂ ಪುಸ್ತಕ ತಿರುಗಿಸಿ ನೋಡಿದರು. “ಈ ಕಾಯಿಲೆ ನಿಧಾನದ್ದು. ಎರಡು ತಿಂಗಳಲ್ಲಿ ಹೀಗೆ ಧುಮುಕೋದಿಲ್ಲ. ಹೊಸ ಮಾತ್ರೆ ಏನಾದ್ರೂ ಶುರು ಮಾಡಿದ್ರಾ? ಜ್ವರ ಬಂದಿತ್ತಾ? ಮೂತ್ರದ ಸೋಂಕು?” ಇಲ್ಲ ಅಂದೆ. ಅಮ್ಮ ಚೀಲದಿಂದ ಒಂದು ಸ್ಟ್ರಿಪ್ ತೆಗೆದಳು. ಗ್ಯಾಸ್ಟ್ರಿಕ್ ಅಂತ ನಮ್ಮ ಓಣಿಯ ಡಾಕ್ಟರೊಬ್ಬರು ಬರೆದುಕೊಟ್ಟ ಕ್ಯಾಪ್ಸೂಲ್. ದಿನಾ ಬೆಳಿಗ್ಗೆ ಒಂದು, ಹತ್ತು ವಾರದಿಂದ. ಅದರಲ್ಲಿ ಹೊಟ್ಟೆಯುರಿಯ ಔಷಧಿಯ ಜೊತೆಗೆ ಲೆವೋಸಲ್ಪಿರೈಡ್ ಇತ್ತು. ಅದು ಮೆದುಳಿನಲ್ಲಿ ಡೋಪಮಿನ್ ಕೆಲಸ ಮಾಡುವ ಜಾಗವನ್ನೇ ಮುಚ್ಚುತ್ತದೆ. ಒಂದು ಕೈಯಿಂದ ನಾವು ಡೋಪಮಿನ್ ಕೊಡುತ್ತಿದ್ದೆವು, ಇನ್ನೊಂದು ಕೈಯಿಂದ ಬಾಗಿಲು ಹಾಕುತ್ತಿದ್ದೆವು. ವಾಂತಿಗೆ ಕೊಡುವ ಮೆಟೋಕ್ಲೋಪ್ರಮೈಡ್ ಕೂಡ ಹೀಗೇ. ಇದನ್ನು ಓದುತ್ತಿರುವವರ ಮನೆಯಲ್ಲಿ ಪಾರ್ಕಿನ್ಸನ್ ಇರುವವರಿದ್ದರೆ, ದಯವಿಟ್ಟು ಇವತ್ತೇ ಮಾತ್ರೆಯ ಡಬ್ಬಿ ತೆಗೆದು ಗ್ಯಾಸಿನ ಮಾತ್ರೆಯ ಹಿಂದೆ ಏನು ಬರೆದಿದೆ ಓದಿ, ನಿಮ್ಮ ನರರೋಗದ ಡಾಕ್ಟರಿಗೆ ತೋರಿಸಿ. ಪಾರ್ಕಿನ್ಸನ್‌ನ ಮಾತ್ರೆಯನ್ನು ಮಾತ್ರ ನೀವಾಗಿ ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ, ಅದು ಅಪಾಯ.

ಕ್ಯಾಪ್ಸೂಲ್ ನಿಂತಿತು. ಅಕ್ಟೋಬರ್ ಕೊನೆಗೆ ಗುಂಡಿ ಹಾಕುವುದು ಎಂಟು ನಿಮಿಷಕ್ಕೆ ಬಂತು. ದೀಪಾವಳಿಯ ದಿನ ಅಪ್ಪಯ್ಯ ನಕ್ಕರು. ನಿಜವಾದ ನಗು, ಹಲ್ಲು ಕಾಣುವ ಹಾಗೆ.

ಅಕ್ಕನ ಮಗ ಪುಣೆಯ ಹಿಂಜವಡಿಯಲ್ಲಿ ಡೇಟಾ ಕೆಲಸ ಮಾಡುತ್ತಾನೆ. ಪುಸ್ತಕದ ಅಂಕೆಗಳನ್ನೆಲ್ಲ ಅವನೇ ಕಂಪ್ಯೂಟರಿಗೆ ಹಾಕಿ ಗೆರೆ ಎಳೆದುಕೊಟ್ಟದ್ದು. 2023ರ ಶುರುವಿಗೆ ಅವನೇ ಫೋನ್ ಮಾಡಿದ. “ಮಾವ, ಅಜ್ಜಯ್ಯನ ಕಾಯಿಲೆಯದ್ದೇ ಒಂದು ಸ್ಪರ್ಧೆ ಬಂದಿದೆ.” ಡೇಟಾ ಸ್ಪರ್ಧೆಗಳು ನಡೆಯುವ ಕ್ಯಾಗಲ್ ಅನ್ನುವ ಜಾಲತಾಣದಲ್ಲಿ ನಡೆದದ್ದು. ಸುಮಾರು 250 ರೋಗಿಗಳ ಬೆನ್ನುಹುರಿಯ ಸುತ್ತಲಿನ ನೀರಿನಲ್ಲಿ ಸಿಕ್ಕ 200ಕ್ಕೂ ಹೆಚ್ಚು ಪ್ರೋಟೀನ್‌ಗಳ ಅಳತೆ ಕೊಟ್ಟಿದ್ದರು. ಅದರಿಂದ ಯುಪಿಡಿಆರ್‌ಎಸ್‌ನ ನಾಲ್ಕೂ ಭಾಗದ ಅಂಕ ಆ ದಿನ ಎಷ್ಟು, ಆರು, ಹನ್ನೆರಡು, ಇಪ್ಪತ್ನಾಲ್ಕು ತಿಂಗಳ ನಂತರ ಎಷ್ಟು ಅಂತ ಹೇಳಬೇಕು. ನಾನು ಕೇಳಿದ್ದ ಮೊದಲ ಪ್ರಶ್ನೆಯೇ ಅಲ್ವಾ ಅದು! ಮೂರು ತಿಂಗಳು ನಾನೂ ಅವನ ಜೊತೆ ಉಸಿರು ಬಿಗಿಹಿಡಿದಿದ್ದೆ.

ಗೆದ್ದವರು ಕಂಡುಕೊಂಡದ್ದು ಕೇಳಿ ಮಾತೇ ಹೊರಡಲಿಲ್ಲ. ಪ್ರೋಟೀನ್‌ಗಳಿಂದ ಹೆಚ್ಚೇನೂ ಸಿಗಲಿಲ್ಲ. ರೋಗಿ ಎಷ್ಟನೇ ತಿಂಗಳಲ್ಲಿ ಬಂದ, ಆರನೇ ತಿಂಗಳಿಗೆ ಬಂದನಾ ಇಲ್ಲವಾ, ಇಂಥದ್ದೇ ಜಾಸ್ತಿ ಸುಳಿವು ಕೊಟ್ಟಿತು. ಹುಡುಗ ಬೇಸರ ಮಾಡಿಕೊಂಡ. “ರಕ್ತದಲ್ಲೋ ನೀರಲ್ಲೋ ಉತ್ತರ ಇರುತ್ತೆ ಅಂದ್ಕೊಂಡಿದ್ದೆ ಮಾವ. ಇನ್ನೊಂದು ತಲೆನೋವು ಅಂದ್ರೆ, ಮೂರನೇ ಭಾಗದ ಅಂಕ ಮಾತ್ರೆ ತಗೊಂಡಿದ್ರೆ ಒಂದು, ತಗೊಳ್ದಿದ್ರೆ ಇನ್ನೊಂದು.” ಅದು ನನಗೆ ಹೊಸದಲ್ಲ. ಬೆಳಿಗ್ಗೆ ಆರೂವರೆಯ ಅಪ್ಪಯ್ಯ ಬೇರೆ, ಎಂಟು ಗಂಟೆಯ ಅಪ್ಪಯ್ಯ ಬೇರೆ. ಒಬ್ಬನೇ ಮನುಷ್ಯನಿಗೆ ದಿನಕ್ಕೆ ನಾಲ್ಕು ಅಂಕ ಹಾಕಬಹುದು.

ಅದೇ ವರ್ಷ, 2010ರಿಂದ ರೋಗಿಗಳನ್ನು ಹಿಂಬಾಲಿಸುತ್ತಿರುವ ಪಿಪಿಎಂಐ ಅಧ್ಯಯನದವರು, ತಪ್ಪಾಗಿ ಮಡಚಿಕೊಂಡು ಕೆಟ್ಟ ಆಲ್ಫಾ-ಸಿನ್ಯೂಕ್ಲಿನ್ ಅನ್ನುವ ಪ್ರೋಟೀನನ್ನು ಬೆನ್ನುಹುರಿಯ ನೀರಿನಲ್ಲೇ ಪತ್ತೆ ಮಾಡಬಹುದು ಅಂತ ತೋರಿಸಿದರು. ದೊಡ್ಡ ಹೆಜ್ಜೆ ಅದು. ಆದರೆ ಅದು ಹೇಳುವುದು ಕಾಯಿಲೆ ಇದೆಯಾ ಅಂತ. ಎಷ್ಟು ಬೇಗ ಹೋಗುತ್ತದೆ ಅನ್ನುವುದಕ್ಕೆ ಈಗಲೂ ನಮಗಿರುವುದು ಪಕ್ಕದಲ್ಲಿ ಕೂತು ನೋಡುವ ಕಣ್ಣು. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಬರೆದಾಗ ಅವರ ಹತ್ತಿರ ಇದ್ದದ್ದು ಆರೇ ಜನರ ಕಥೆ. ಕೆಲವರನ್ನಂತೂ ಬೀದಿಯಲ್ಲಿ ಹೋಗುವಾಗ ನೋಡಿದ್ದು. ಕೈಯಿಂದ ಶುರುವಾಗಿ, ಮೈ ಮುಂದಕ್ಕೆ ಬಾಗಿ, ನಡೆಯಲು ಹೊರಟವನು ಓಡುವ ಹಾಗಾಗುತ್ತಾನೆ ಅಂತ ಅಷ್ಟರಿಂದಲೇ ಬರೆದಿಟ್ಟರು.

2024ರ ಡಿಸೆಂಬರಿನಲ್ಲಿ ಕಾಲು ಅಂಟತೊಡಗಿತು. ಬಚ್ಚಲ ಬಾಗಿಲಿಗೆ ಬಂದ ಕೂಡಲೇ ಪಾದ ನೆಲಕ್ಕೆ ಗೋಂದು ಹಾಕಿದ ಹಾಗೆ. ಮೈ ಮುಂದೆ ಹೋಗುತ್ತದೆ, ಕಾಲು ಬರುವುದಿಲ್ಲ. ಒಂದು ದಿನ ಹಾಗೇ ಮುಗ್ಗರಿಸಿ ಬಿದ್ದರು, ಹುಬ್ಬಿನ ಮೇಲೆ ಮೂರು ಹೊಲಿಗೆ. ಆದರೆ ವಿಚಿತ್ರ, ಮನೆಯ ಮುಂಬಾಗಿಲಲ್ಲಿ ಮಾತ್ರ ಯಾವತ್ತೂ ಅಂಟಲಿಲ್ಲ. ಅಲ್ಲಿ ಅಮ್ಮ ದಿನಾ ಎರಡೆಳೆ ರಂಗೋಲಿ ಹಾಕುತ್ತಾಳೆ. ಆ ಗೆರೆ ದಾಟಲು ಅಪ್ಪಯ್ಯ ಕಾಲನ್ನು ತಾನಾಗಿ ಎತ್ತುತ್ತಿದ್ದರು. ಫಿಸಿಯೋ ಹುಡುಗಿಗೆ ಹೇಳಿದೆ. ಅವಳ ಮುಖ ಅರಳಿತು. ನೆಲದ ಮೇಲೆ ಅಡ್ಡ ಗೆರೆ ಕಂಡರೆ ಅಂಟಿದ ಕಾಲು ಎಷ್ಟೋ ಜನರಲ್ಲಿ ಬಿಡುತ್ತದಂತೆ. ಹಾಲಿನಿಂದ ಬಚ್ಚಲವರೆಗೆ, ಒಂದು ಹೆಜ್ಜೆಗೆ ಒಂದರ ಹಾಗೆ ಹಳದಿ ಟೇಪು ಅಂಟಿಸಿದೆವು. ಅಪ್ಪಯ್ಯ ಮೊದಲ ಗೆರೆ ದಾಟಿದರು, ಎರಡನೆಯದು ದಾಟಿದರು. ಬಚ್ಚಲ ಒಳಗಿನಿಂದ “ಸಮಾ ಆಯ್ತ್” ಅಂತ ಕೂಗಿದರು.

2025ರ ಆಗಸ್ಟಿನಲ್ಲಿ ಮತ್ತೆ ದಾದರ್. ಹಿಂದಿನಿಂದ ಎಳೆದಾಗ ಅಪ್ಪಯ್ಯ ನಾಲ್ಕು ಹೆಜ್ಜೆ ಹಿಂದೆ ಬಂದು ನಿಂತರು. ಮೇಡಂ ‘1’ ಅಂತ ಬರೆದರು. ಮೂರನೇ ಹಂತದ ಹೊಸ್ತಿಲು. ಏಳು ವರ್ಷ ಆಯಿತು ಅಲ್ಲಿಗೆ ಬರಲು. ಈ ಸಲ ನಾನು ಎಷ್ಟು ವರ್ಷ ಅಂತ ಕೇಳಲಿಲ್ಲ. ಮುಂದಿನ ಆರು ತಿಂಗಳಲ್ಲಿ ಏನಾಗಬಹುದು ಅಂತ ಕೇಳಿದೆ. ಅದಕ್ಕೆ ಅವರಲ್ಲಿ ಉತ್ತರ ಇತ್ತು. ಮೂರೇ ಪ್ರಶ್ನೆ. ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದಾರಾ? ಕಳೆದ ತಿಂಗಳು ಕಾಲು ಅಂಟಿತ್ತಾ? ಮಾಮೂಲಿ ನಡಿಗೆ ಸೆಕೆಂಡಿಗೆ 1.1 ಮೀಟರಿಗಿಂತ ಕಡಿಮೆಯಾ? ಮೂರಕ್ಕೂ ಹೌದು ಅಂದರೆ ಆರು ತಿಂಗಳೊಳಗೆ ಬೀಳುವ ಸಂಭವ ತುಂಬಾ ಜಾಸ್ತಿ. ಕ್ಲಿನಿಕ್ಕಿನ ಓಣಿಯಲ್ಲಿ ನಾಲ್ಕು ಮೀಟರ್ ಅಳೆದು ಅಪ್ಪಯ್ಯನನ್ನು ನಡೆಸಿದರು. ಐದು ಸೆಕೆಂಡು. ಮೂರಕ್ಕೂ ಹೌದು.

ಅಪ್ಪಯ್ಯ ಪುಸ್ತಕ ಕೇಳಿ ತೆಗೆದುಕೊಂಡು, ಅಲ್ಲೇ ತೊಡೆಯ ಮೇಲಿಟ್ಟುಕೊಂಡು ಬರೆದರು. ಅಕ್ಷರ ಸಾಸಿವೆಯಷ್ಟೇ ಇತ್ತು. ‘ಬಚ್ಚಲಿಗೆ ಹಿಡಿಕೆ 2. ಹಾಸಿಗೆ ಹತ್ತಿರ 1. ರಾತ್ರಿ ದೀಪ. ಹವಾಯಿ ಚಪ್ಪಲಿ ಬೇಡ.’ ಆಮೇಲೆ ಎದುರಿಗೆ ಖರ್ಚಿನ ಕಾಲಂ ಖಾಲಿ ಬಿಟ್ಟರು. ಹಿಡಿಕೆ ಹಾಕುವವನು ಭಾನುವಾರ ಬರುತ್ತಾನೆ.